ವಾಲಿದ ನಾಲ್ಕು

ವೆಂಡೆಲ್ ಟಟಲ್ ಪಿಸ್ತೂಲಿನ ಫೋಟೊ ಕೈಗೆತ್ತಿಕೊಳ್ಳಲಿಲ್ಲ. ಗಾಜಿನ ಕೌಂಟರಿನ ಮೇಲೆ ನಾನು ಇಟ್ಟಲ್ಲೇ ಅದು ಬಿದ್ದಿತ್ತು. ಅದರ ಪಕ್ಕದಲ್ಲಿ ತಮ್ಮ ಕಾಫಿ ಲೋಟ ಇಟ್ಟು ಅವರು ಬೀದಿಯ ಕಡೆ ನೋಡುತ್ತ ನಿಂತರು. ಬೀದಿಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ನವೆಂಬರಿನ ಮಂಜಿಗೆ ಎದುರಿನ ಟೈರ್ ಅಂಗಡಿಯೂ ಕಾಣುತ್ತಿರಲಿಲ್ಲ.

"ನಿಮ್ಮ ಅಚ್ಚೇ ತಾನೆ ಇದು?" ಎಂದೆ.

"ನಂಬರ್ ನಮ್ದೇ. ಪುಸ್ತಕದಲ್ಲಿ ಇದೆಯಲ್ಲ. ಪುಸ್ತಕ ನೋಡೋಕೆ ತಾನೆ ನೀನು ಬಂದಿರೋದು?"

"ನಾನು ನಂಬರ್ ಕೇಳ್ಲಿಲ್ಲ ವೆಂಡೆಲ್. ಅಚ್ಚು ಕೇಳ್ದೆ."

"ಬೆಳಗ್ಗೆ ಬೆಳಗ್ಗೆನೇ ಒಗಟು ಶುರು." ಅವರು ಮಗಳ ಕಡೆ ತಿರುಗಿದರು. "ಮರ್ಲಾ, ಸರ್ಕಾರಕ್ಕೆ ಒಂದು ಕಾಫಿ ಕೊಡಮ್ಮ. ಸಕ್ಕರೆ ಹಾಕ್ಬೇಡ. ಹಾಕಿದ್ರೆ ಅದಕ್ಕೂ ಒಂದು ಫಾರಂ ತುಂಬಿಸ್ತಾನೆ."

ಸರ್ಕಾರ ಅಂದರೆ ನಾನೇ, ಆರ್ಲಿನ್ ಫ್ರೇಟಸ್. ಬಂದೂಕು ಅಂಗಡಿಗಳ ದಾಖಲೆ ಪುಸ್ತಕ ತಪಾಸಣೆ ಮಾಡುವುದು ನನ್ನ ಉದ್ಯೋಗ. ಹದಿನೆಂಟು ವರ್ಷದಿಂದ ಈ ಭತ್ತದ ಸೀಮೆಯ ಅಂಗಡಿಗಳನ್ನು ಸುತ್ತುತ್ತಿದ್ದೇನೆ. ನನ್ನ ಸೊಂಟದಲ್ಲಿ ಪಿಸ್ತೂಲಿಲ್ಲ, ಜೇಬಿನಲ್ಲಿ ಭೂತಗನ್ನಡಿ ಇದೆ. ಕೊಲೆಗಾರರನ್ನು ಅಟ್ಟಿಸಿಕೊಂಡು ಹೋಗುವ ವಯಸ್ಸೂ ನನ್ನದಲ್ಲ, ಹೊಟ್ಟೆಯೂ ಅಲ್ಲ.

ಆದರೂ ಈ ಕೊಲೆಯೊಂದು ನನ್ನ ಪುಸ್ತಕದೊಳಕ್ಕೇ ಬಂದು ಕೂತಿತ್ತು. ಹನ್ನೊಂದು ದಿನದ ಹಿಂದೆ ಭತ್ತ ಒಣಗಿಸುವ ಕಾರ್ಖಾನೆಯ ಮ್ಯಾನೇಜರ್ ಡೀನ್ ಹಾಲ್ವರ್ಸನ್‌ನನ್ನು ಕಾಲುವೆ ಏರಿಯ ಮೇಲೆ ಯಾರೋ ಗುಂಡಿಟ್ಟು ಕೊಂದರು. ಕಾಲುವೆಯಲ್ಲಿ ಸಿಕ್ಕ ಪಿಸ್ತೂಲಿನ ಸಂಖ್ಯೆ, ಟಟಲ್ ಅಂಗಡಿಯ ಪುಸ್ತಕದ ಪ್ರಕಾರ, ಚೂ ವಾಂಗ್‌ನದು.

ಚೂ ವಾಂಗ್ ಶಾಲೆಯ ಬಸ್ಸು ಓಡಿಸುವವನು. ಐವತ್ತರ ಹತ್ತಿರದವನು, ಹೊರದೇಶದ ಬೆಟ್ಟಗಳಿಂದ ವಲಸೆ ಬಂದ ಹ್ಮಾಂಗ್ ಜನಾಂಗದ ಮನುಷ್ಯ. ಊರಿನ ಅರ್ಧ ಮಕ್ಕಳ ಹೆಸರು ಅವನಿಗೆ ಬಾಯಿಪಾಠ. ಚಳಿಗಾಲ ಬಂತೆಂದರೆ ಅಳಿಲು ಬೇಟೆಗೆ ಕಾಲುವೆ ಏರಿಯ ಮೇಲೆ ನಡೆದು ಹೋಗುತ್ತಿದ್ದ. ಈ ವರ್ಷ ಹಾಲ್ವರ್ಸನ್ ಆ ದಾರಿಗೆ ಸರಪಳಿ ಹಾಕಿಸಿದ. ರೈತರ ಸಭೆಯಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, "ಈ ಸರಪಳಿ ಬಹಳ ದಿನ ಇರಲ್ಲ" ಎಂದು ಚೂ ಎಲ್ಲರ ಎದುರಿಗೆ ಹೇಳಿದ್ದ. ಅಷ್ಟು ಸಾಕಾಗಿತ್ತು.

ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಕೊಲೆ ಆರೋಪ ಹೊರಿಸಲಿದ್ದರು. ಜಾಮೀನು ಸಿಗುವ ಮಾತೇ ಇರಲಿಲ್ಲ. ಆಗ ಗಂಟೆ ಹತ್ತೂ ಇಪ್ಪತ್ತು.

"ಚೂ ಏನು ಹೇಳ್ತಿದಾನೆ ಗೊತ್ತಾ?" ಎಂದು ಕೇಳಿದೆ.

"ಆ ಷೆರಿಫ್ ಆಫೀಸಿನ ಹೆಂಗಸು ಹೇಳಿದ್ಲು."

"ತನ್ನ ಪಿಸ್ತೂಲು ಇಲ್ಲೇ ಇದೆ ಅಂತಾನೆ. ಉಕ್ಕಿಗೆ ನೀಲಿ ಬಣ್ಣ ಹಿಡಿಸೋಕೆ ಅಂತ ನಿಮ್ಮ ಕೈಯಲ್ಲೇ ಕೊಟ್ಟೆ ಅಂತಾನೆ."

"ಪುಸ್ತಕದಲ್ಲಿ ಹಾಗೆ ಬರೆದಿದ್ಯಾ?"

"ಇಲ್ಲ."

"ಮತ್ತಿನ್ನೇನು. ನೀನೇ ಅಲ್ವಾ ಊರೆಲ್ಲ ಭಾಷಣ ಮಾಡಿದ್ದು, ಪುಸ್ತಕದಲ್ಲಿ ಇಲ್ಲದ್ದು ಅಂಗಡೀಲಿ ಇಲ್ಲ ಅಂತ?"

ಅದು ನಿಜ. ಆ ಭಾಷಣ ನನ್ನದೇ. ಪಿಸ್ತೂಲಿಗೆ ಫ್ರೇಮ್ ಎನ್ನುವ ಒಂದು ಭಾಗ ಇರುತ್ತದೆ. ನಳಿಗೆ, ಸ್ಪ್ರಿಂಗು, ಕುದುರೆ ಎಲ್ಲ ಅದರ ಮೇಲೆಯೇ ಕೂರುವುದು. ಪೂರ್ತಿಯಾಗದ ಫ್ರೇಮನ್ನು ಹಿಂದೆ ಯಾರು ಬೇಕಾದರೂ ಅಂಚೆಯಲ್ಲಿ ತರಿಸಿಕೊಳ್ಳಬಹುದಿತ್ತು, ಅದಕ್ಕೆ ಸಂಖ್ಯೆಯೂ ಇಲ್ಲ, ದಾಖಲೆಯೂ ಇಲ್ಲ. ಈ ಜುಲೈಯಿಂದ ನಮ್ಮ ರಾಜ್ಯದಲ್ಲಿ ಆ ಒಂದು ತುಂಡೇ ಪೂರ್ತಿ ಬಂದೂಕಿನ ಲೆಕ್ಕ. ಅಂಗಡಿಯವರು ರಾಜ್ಯದಿಂದ ಸಂಖ್ಯೆ ತರಿಸಿ ಅದರ ಮೇಲೆ ಅಚ್ಚು ಹೊಡೆಯಬೇಕು. ಅಚ್ಚಿನ ಹತ್ತಿರದ ಫೋಟೊ ತೆಗೆದು ಪುಸ್ತಕಕ್ಕೆ ಅಂಟಿಸಬೇಕು. ಕೊಳ್ಳುವವನ ಪೂರ್ವಾಪರ ವಿಚಾರಿಸಿ, ಹತ್ತು ದಿನ ಕಾಯಿಸಿ ಕೊಡಬೇಕು. ರಿಪೇರಿಗೆ ಬಂದದ್ದು ಒಂದು ರಾತ್ರಿ ಅಂಗಡಿಯಲ್ಲಿ ಉಳಿದರೂ ಅದು ಪುಸ್ತಕಕ್ಕೆ ಬರಬೇಕು.

ಇದನ್ನೆಲ್ಲ ನಾನು ರೈತರ ಸಭಾಭವನದಲ್ಲಿ ಡೋನಟ್ ಹಂಚಿ ವಿವರಿಸಿದ್ದೆ. ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ವೆಂಡೆಲ್ ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದರು: ಅಚ್ಚನ್ನು ಕೈಯಲ್ಲೇ ಹೊಡೆಯಬಹುದೋ, ಯಂತ್ರವೇ ಆಗಬೇಕೋ. ಆಳ ಸಾಕಾದರೆ ಕೈಯಾದರೂ ಸರಿ ಎಂದೆ. ಅಷ್ಟಕ್ಕೆ ಅವರ ಮುಖ ಅರಳಿತ್ತು. ಅಪ್ಪನ ಕಾಲದ ಉಕ್ಕಿನ ಅಂಕಿ ಅಚ್ಚುಗಳು ಅವರ ಹತ್ತಿರ ಇದ್ದವು.

ಮರ್ಲಾ ಕಾಫಿ ತಂದಿಟ್ಟಳು, ಜೊತೆಗೆ ಪುಸ್ತಕವನ್ನೂ. ಅಂಗಡಿಯ ವ್ಯವಹಾರವೆಲ್ಲ ಅವಳದು, ರಿಪೇರಿ ಕೆಲಸ ಅಪ್ಪನದು. ನಲವತ್ತೆರಡು ವರ್ಷದ ಹೆಂಗಸು, ಮಾತು ಕಡಿಮೆ, ಅಕ್ಷರ ದುಂಡು. ಇಡೀ ಕೌಂಟಿಯಲ್ಲಿ ನಾನು ಬೇರೆಯವರಿಗೆ ಮಾದರಿಯೆಂದು ತೋರಿಸುತ್ತಿದ್ದುದು ಅವಳ ಪುಸ್ತಕವನ್ನೇ.

"ಷೆರಿಫ್ ಆಫೀಸಿನ ಡಿಟೆಕ್ಟಿವ್ ಒಲಿವಾರೆಸ್ ಎರಡು ಸಲ ನೋಡಿದ್ರು," ಎಂದಳು. "ಇನ್ನೇನು ಸಿಗುತ್ತೆ ಅಂತ ನೋಡ್ತೀರ?"

"ಅವರು ನಂಬರ್ ನೋಡಿದ್ರು. ನಾನು ಫೋಟೊ ನೋಡ್ತೀನಿ."

ಚೂ ವಾಂಗ್‌ನ ಪುಟ ತೆರೆದೆ. ಅರ್ಜಿ, ಗುರುತಿನ ಚೀಟಿ, ಕಾದ ಹತ್ತು ದಿನ, ಅಕ್ಟೋಬರ್ ಮೂರರಂದು ಕೊಟ್ಟದ್ದಕ್ಕೆ ಅವನ ಸಹಿ. ಎಲ್ಲ ನೆಟ್ಟಗಿತ್ತು. ಕೆಳಗೆ ಮರ್ಲಾ ಅಂಟಿಸಿದ ಅಚ್ಚಿನ ಫೋಟೊ: 719426. ಅದರ ಪಕ್ಕಕ್ಕೆ ಒಲಿವಾರೆಸ್ ಕೊಟ್ಟಿದ್ದ, ಕಾಲುವೆಯ ಪಿಸ್ತೂಲಿನ ಫೋಟೊ ಸರಿಸಿದೆ. ಅಲ್ಲೂ 719426.

ಸಂಖ್ಯೆ ಒಂದೇ. ಓದುವವರು ಓದಿ ಪುಸ್ತಕ ಮುಚ್ಚಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆ. ಹಿಂದಿನ ದಿನ ಸಂಜೆ ಊಟದ ಮೇಜಿನ ಮೇಲೆ ಈ ಫೋಟೊ ಇಟ್ಟುಕೊಂಡು ಕೂತಾಗಷ್ಟೇ ಅದು ಕಣ್ಣಿಗೆ ಬಿದ್ದದ್ದು. ಕಾಲುವೆಯ ಪಿಸ್ತೂಲಿನ ಮೇಲಿನ ನಾಲ್ಕರ ಅಂಕಿ ಬಲಕ್ಕೆ ವಾಲಿತ್ತು. ಸ್ವಲ್ಪವೇ, ಬಸ್ಸಿನಲ್ಲಿ ನಿದ್ದೆ ಬಂದವನ ತಲೆ ವಾಲುವಷ್ಟು.

ಈಗ ಭೂತಗನ್ನಡಿ ಹಿಡಿದು ಪುಸ್ತಕದ ಫೋಟೊ ನೋಡಿದೆ. ಇಲ್ಲಿನ ನಾಲ್ಕು ನೆಟ್ಟಗೆ ನಿಂತಿತ್ತು.

ಒಮ್ಮೆ ಉಕ್ಕಿಗೆ ಇಳಿದ ಅಂಕಿ ಆಮೇಲೆ ವಾಲುವುದಿಲ್ಲ. ಹಾಗಾದರೆ ಇವು ಎರಡು ಬೇರೆ ಬೇರೆ ಫ್ರೇಮ್‌ಗಳು. ಎರಡನ್ನೂ ಹೊಡೆದದ್ದು ಒಂದೇ ಅಚ್ಚು, ಏಳರ ಬುಡದಲ್ಲಿದ್ದ ಸಣ್ಣ ಮುಕ್ಕು ಎರಡರಲ್ಲೂ ಇತ್ತು. ಈ ಪುಸ್ತಕವನ್ನು ನಾನು ನಂಬಿದ್ದೆ, ಅದಕ್ಕಿಂತ ಹೆಚ್ಚಾಗಿ ಈ ಮುದುಕನನ್ನು ನಂಬಿದ್ದೆ.

"ವೆಂಡೆಲ್, ಒಳಗೆ ಹೋಗೋಣ್ವಾ?"

"ಇಲ್ಲೇ ಹೇಳು."

"ಒಳಗೇ ಹೋಗೋಣ."

ಅಂಗಡಿಯ ಹಿಂದೆ ಅವರ ಕೆಲಸದ ಕೋಣೆ. ಕಿಟಕಿಯಲ್ಲಿ ಚೂ ವಾಂಗ್‌ನ ತಾಯಿ ಪ್ರತಿ ವರ್ಷ ಕಳಿಸುವ ಖಾರದ ಚಟ್ನಿಯ ಬಾಟಲಿ, ಗೋಡೆಯಲ್ಲಿ ಬಾತುಕೋಳಿಯ ಹಳೆಯ ಕ್ಯಾಲೆಂಡರು, ಮೇಜಿನ ಪಕ್ಕ ಎರಡು ಸ್ಟೂಲು. ಎರಡನೆಯ ಸ್ಟೂಲಿನಲ್ಲಿ ಗುರುವಾರ ಗುರುವಾರ ಚೂ ಕೂರುತ್ತಿದ್ದ. ಫ್ರೇಮ್ ಕೊಂಡ ಮೇಲೆ ಉಳಿದ ಭಾಗಗಳನ್ನು ಜೋಡಿಸುವುದನ್ನು ಅವನಿಗೆ ಕಲಿಸಿದವರೇ ವೆಂಡೆಲ್.

ನಾನು ಆ ಸ್ಟೂಲಿನಲ್ಲಿ ಕೂತೆ. ಮರ್ಲಾ ಗಾಜು ಒರೆಸುವ ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. ಹೋಗು ಎನ್ನಬೇಕಿತ್ತು, ಅನ್ನಲಿಲ್ಲ.

"ಈ ಫೋಟೊದಲ್ಲಿ ಒಂದು ಅಂಕಿ ಸರಿಯಿಲ್ಲ," ಎಂದೆ. "ಯಾವುದು ಹೇಳಿ ನೋಡೋಣ."

ವೆಂಡೆಲ್ ಈ ಸಲ ಫೋಟೊ ತೆಗೆದುಕೊಂಡರು. ಮುಖದ ಹತ್ತಿರ ತಂದರು. ಆಮೇಲೆ ಕೈ ಉದ್ದ ಮಾಡಿ ದೂರ ಹಿಡಿದರು. ದೀಪದ ಕೆಳಗೆ ವಾಲಿಸಿದರು. ನೋಡುತ್ತಿದ್ದ ನನಗೆ ಸಂಕಟವಾಯಿತು.

"ಎಲ್ಲ ಸರಿ ಇದೆಯಲ್ಲ," ಎಂದರು.

"ಎಷ್ಟು ದಿನ ಆಯ್ತು ವೆಂಡೆಲ್, ಕಣ್ಣು ಹೀಗಾಗಿ?"

ಅವರು ಫೋಟೊವನ್ನು ಮೇಜಿನ ಮೇಲೆ ಮಗುಚಿ ಇಟ್ಟರು.

"ಅಪ್ಪ," ಎಂದಳು ಮರ್ಲಾ.

"ನೀನು ಸುಮ್ನಿರು. ಕಣ್ಣಿಗೇನಾಗಿದೆ ನಂಗೆ? ಮಂಜು ಬಂದ್ರೆ ಎಲ್ಲರಿಗೂ ಮಂಜೇ."

"ನಾಲ್ಕು ವಾಲಿದೆ," ಎಂದೆ. "ಕಾಲುವೇಲಿ ಸಿಕ್ಕಿದ ಪಿಸ್ತೂಲಿನ ಮೇಲೆ ನಾಲ್ಕು ವಾಲಿದೆ. ನಿಮ್ಮ ಪುಸ್ತಕದ ಫೋಟೊದಲ್ಲಿ ನೆಟ್ಟಗಿದೆ. ಐವತ್ತೊಂದು ವರ್ಷದಲ್ಲಿ ವಾಲಿದ ಅಂಕಿ ಒಂದಾದ್ರೂ ಈ ಬಾಗಿಲು ದಾಟಿದೆಯಾ?"

"ದಾಟಿಲ್ಲ." ಅದನ್ನು ಮಾತ್ರ ಅವರು ತಡೆಯಲಾರದೆ ಹೇಳಿದರು.

"ಅದು ನಂಗೂ ಗೊತ್ತು. ಹಾಗಾದ್ರೆ ಒಂದೇ ನಂಬರಿಗೆ ಎರಡು ಫ್ರೇಮ್. ಒಂದು ಕೆಟ್ಟದ್ದು, ಒಂದು ಒಳ್ಳೇದು. ಒಳ್ಳೇದು ಚೂಗೆ ಹೋಯ್ತು."

ವೆಂಡೆಲ್ ಮೇಜಿನ ಮೇಲಿದ್ದ ಸುತ್ತಿಗೆಯನ್ನು ಅದರ ಜಾಗಕ್ಕೆ ಇಟ್ಟರು. ಅದು ಮೊದಲೇ ಅದರ ಜಾಗದಲ್ಲಿತ್ತು.

"ಅಚ್ಚು ತಪ್ಪಿದ್ರೆ ಏನು ಮಾಡ್ಬೇಕು ಅಂತ ನೀನು ಹೇಳಿದ್ದೆ ಅಲ್ವಾ," ಎಂದರು ನಿಧಾನವಾಗಿ. "ಆ ಫ್ರೇಮನ್ನ ಮೂರು ಕಡೆ ಕತ್ತರಿಸ್ಬೇಕು. ಫೋಟೊ ತೆಗೀಬೇಕು. ಹಾಳಾಯ್ತು ಅಂತ ಪುಸ್ತಕದಲ್ಲಿ ಬರೆದು, ರಾಜ್ಯಕ್ಕೆ ಕಳಿಸಿ, ಹೊಸ ನಂಬರ್ ಬೇಡ್ಬೇಕು."

"ಹೌದು."

"ಟಟಲ್ ಕೈ ತಪ್ತು ಅಂತ ಬರೀಬೇಕಾಗಿತ್ತು. ನನ್ನ ಮಗಳ ಅಕ್ಷರದಲ್ಲಿ. ನೀನು ಬಂದು ಅದನ್ನ ಓದಿ, ಪರವಾಗಿಲ್ಲ ಬಿಡಿ ವೆಂಡೆಲ್, ಯಂತ್ರ ತಗೊಳ್ಳಿ ಅಂತಿದ್ದೆ."

"ಅಂತಿದ್ದೆ."

"ಅದಕ್ಕೇ ಬರೀಲಿಲ್ಲ. ಕೆಳಗಿನ ಡ್ರಾಯರಲ್ಲಿ ಹಿಂದೆ ಅಂಚೇಲಿ ತರಿಸಿದ್ದ ಅಂಥದ್ದೇ ಇನ್ನೊಂದು ಫ್ರೇಮ್ ಇತ್ತು, ಅದು ನೆನಪೇ ಇರ್ಲಿಲ್ಲ, ಜುಲೈಯಲ್ಲಿ ನೀವು ಫ್ರೇಮ್‌ಗಳ ಲೆಕ್ಕ ಕೇಳಿದಾಗ ಪಟ್ಟಿಗೂ ಸೇರಿಸಿರ್ಲಿಲ್ಲ. ಅದರ ಮೇಲೆ ಅದೇ ನಂಬರ್ ಹೊಡೆದೆ. ಒಂದೊಂದು ಅಂಕಿನೂ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿ ಹೊಡೆದೆ. ಚೆನ್ನಾಗಿ ಬಂತು."

ಇಂಥ ತಪ್ಪನ್ನು ಕಳ್ಳ ವ್ಯಾಪಾರಿ ಮಾಡುವುದಿಲ್ಲ. ಅವನಿಗೆ ಅಂಕಿ ವಾಲಿದರೇನು, ಬಿದ್ದರೇನು. ತನ್ನ ಕೈಕೆಲಸದ ಮೇಲೆ ಪ್ರಾಣ ಇಟ್ಟುಕೊಂಡವನು ಮಾತ್ರ ಒಂದು ವಾಲಿದ ನಾಲ್ಕನ್ನು ಮುಚ್ಚಿಡಲು ಇಷ್ಟು ದೊಡ್ಡ ಅಪರಾಧಕ್ಕೆ ಇಳಿಯುತ್ತಾನೆ. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಕನಿಕರವೂ ಬಂತು, ಕನಿಕರ ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು.

"ಚೂ ಪಿಸ್ತೂಲು ಎಲ್ಲಿದೆ?"

"ಪುಸ್ತಕದ ಪ್ರಕಾರ..."

"ಪುಸ್ತಕ ಬಿಡಿ."

"ಪುಸ್ತಕ ಬಿಡಿ ಅಂತ ನೀನು ಹೇಳ್ತೀಯಾ?" ವೆಂಡೆಲ್ ನಕ್ಕರು. ಆ ನಗುವಿನಲ್ಲಿ ಏನೂ ಇರಲಿಲ್ಲ. "ಕೇಳು ಆರ್ಲಿನ್. ನನಗೆ ಎಪ್ಪತ್ನಾಲ್ಕು. ನಾಳೆ ಜೈಲಿಗೆ ಹಾಕಿದ್ರೂ ಅಲ್ಲಿ ಊಟ ಕೊಡ್ತಾರೆ. ಆದ್ರೆ ಈ ಪರವಾನಗಿ ಹೋಯ್ತು ಅಂದ್ರೆ ಇವಳಿಗೆ ಏನಿದೆ? ಇಪ್ಪತ್ತು ವರ್ಷ ಈ ಕೌಂಟರ್ ಹಿಂದೆ ನಿಂತಿದಾಳೆ. ಚೂ ಏನೂ ಮಾಡಿಲ್ಲ ಅಂತ ನಂಗೆ ಗೊತ್ತು. ಮಾಡದೇ ಇರೋನನ್ನ ಕೋರ್ಟು ಬಿಡುತ್ತೆ."

"ಬಿಡುತ್ತಾ?"

"ಬಿಡ್ಬೇಕು."

"ಅವನ ಕೈಯಲ್ಲಿ ತೋರಿಸೋಕೆ ಏನಿದೆ? 'ನನ್ನ ಪಿಸ್ತೂಲು ವೆಂಡೆಲ್ ಹತ್ರ ಇದೆ' ಅನ್ನೋ ಒಂದು ಮಾತು. ಆ ಮಾತು ಸುಳ್ಳು ಅಂತ ನೀವು ಹೇಳಿದ್ರಿ."

"ಸುಳ್ಳು ಅನ್ಲಿಲ್ಲ. ಪುಸ್ತಕ ನೋಡಿ ಅಂದೆ."

"ಎರಡಕ್ಕೂ ವ್ಯತ್ಯಾಸ ಇದೆ ಅಂತ ಚೂಗೆ ಹೇಳ್ತೀರ? ಅವನ ತಾಯಿಗೆ ಹೇಳ್ತೀರ?" ಕಿಟಕಿಯ ಬಾಟಲಿಯ ಕಡೆ ನೋಡಬಾರದೆಂದುಕೊಂಡೇ ನೋಡಿದೆ. ಅವರೂ ನೋಡಿದರು. "ಒಂದು ಗಂಟೆಗೆ ಅವನ ಹೆಸರಿನ ಪಕ್ಕ ಕೊಲೆ ಅಂತ ಬರೀತಾರೆ ವೆಂಡೆಲ್. ಅದನ್ನ ಅಳಿಸೋಕೆ ನನ್ನ ಹತ್ರ ಫಾರಂ ಇಲ್ಲ."

ಹೊರಗೆ ಯಾರೋ ಬಾಗಿಲು ತಳ್ಳಿ ನೋಡಿ, ಕೌಂಟರಿನಲ್ಲಿ ಯಾರೂ ಇಲ್ಲವೆಂದು ಹೊರಟುಹೋದರು. ಮರ್ಲಾ ತಿರುಗಿ ಕೂಡ ನೋಡಲಿಲ್ಲ.

ಕೊನೆಗೆ ವೆಂಡೆಲ್ ಎದ್ದರು. ಮೂಲೆಯ ಕಬ್ಬಿಣದ ಬೀರುವಿಗೆ ಬೀಗದಕೈ ಹಾಕಲು ಮೂರು ಸಲ ಪ್ರಯತ್ನ ಮಾಡಬೇಕಾಯಿತು. ಒಳಗಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಪಿಸ್ತೂಲು ತೆಗೆದು ನನ್ನ ಮುಂದಿಟ್ಟರು. ಅದಕ್ಕೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ದಪ್ಪ ಪೆನ್ಸಿಲಿನ ಓರೆಕೋರೆ ಅಕ್ಷರ: ಚೂ, ನೀಲಿ ಬಣ್ಣ, ಅವಸರ ಇಲ್ಲ.

ದೀಪದ ಕೆಳಗೆ ಹಿಡಿದೆ. 719426. ನಾಲ್ಕು ನೆಟ್ಟಗಿತ್ತು.

ಚೂ ಹೇಳಿದ್ದು ನಿಜ. ಅವನ ಪಿಸ್ತೂಲು ಈ ಬೀರು ಬಿಟ್ಟು ಹೋಗಿಲ್ಲ. ಮಧ್ಯಾಹ್ನ ಒಂದು ಗಂಟೆಯೊಳಗೆ ಇದು ಒಲಿವಾರೆಸ್ ಮೇಜಿನ ಮೇಲಿದ್ದರೆ, ಸಂಜೆಗೆ ಚೂ ತನ್ನ ಮನೆಯಲ್ಲಿರುತ್ತಾನೆ. ವೆಂಡೆಲ್ ಅಂಗಡಿಯ ಗತಿ ನಾನೇ ಬರೆಯಬೇಕಾಗುತ್ತದೆ, ಆದರೆ ಅದು ಆಮೇಲಿನ ಮಾತು.

"ಆ ಕೆಟ್ಟ ಫ್ರೇಮ್ ಎಲ್ಲಿಟ್ರಿ?" ಎಂದೆ.

"ಡಬ್ಬೀಲಿ."

ಹಳೆಯ ಬಂದೂಕು ರಿಪೇರಿಗಾರರೆಲ್ಲ ಹಾಳಾದ ಕೆಲಸವನ್ನು ಒಂದು ಡಬ್ಬಿಗೆ ಹಾಕಿ ಇಟ್ಟುಕೊಳ್ಳುತ್ತಾರೆ. ಎಸೆಯಲು ಮನಸ್ಸು ಬರುವುದಿಲ್ಲ, ಯಾರಿಗೂ ತೋರಿಸಲೂ ಮನಸ್ಸು ಬರುವುದಿಲ್ಲ. ವೆಂಡೆಲ್ ಬಗ್ಗಿ ಮೇಜಿನ ಕೆಳಗಿಂದ ಹಳೆಯ ಕಾಫಿ ಡಬ್ಬಿ ಎಳೆದರು. ಕೈ ಹಾಕಿ ತಡಕಿದರು. ಆಮೇಲೆ ಪೂರ್ತಿ ಮೇಜಿನ ಮೇಲೆ ಸುರಿದರು. ತುಕ್ಕು ಸ್ಪ್ರಿಂಗು, ಮುರಿದ ಸ್ಕ್ರೂ, ಸೀಳಿದ ಮರದ ಹಿಡಿ. ಫ್ರೇಮ್ ಇರಲಿಲ್ಲ.

"ಇಲ್ಲೇ ಇತ್ತು," ಎಂದರು. ಅವರ ಬೆರಳುಗಳು ಸ್ಕ್ರೂಗಳ ನಡುವೆ ಹುಡುಕುತ್ತಲೇ ಇದ್ದವು. "ಇಲ್ಲೇ ಹಾಕಿದ್ದೆ."

"ಅದು ಇಲ್ಲಿದೆ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ."

"ಅಚ್ಚು ತಪ್ಪಿದ ದಿನ ಇಲ್ಲಿ ಯಾರಿದ್ರು? ಚೂ ಇದ್ನಾ?"

"ಭಾನುವಾರ ಅವತ್ತು. ಅಂಗಡಿ ಮುಚ್ಚಿತ್ತು, ನಾನೊಬ್ನೇ. ಇಂಥದ್ದನ್ನ ಯಾರಿಗೆ ಹೇಳ್ಕೊಳ್ಳೋದು ಹೇಳು. ಇವಳಿಗೂ ಹೇಳಿಲ್ಲ."

ನಾನು ಫೋನ್ ತೆಗೆದು ಇನೆಸ್ ಒಲಿವಾರೆಸ್‌ಗೆ ಕರೆ ಮಾಡಿದೆ. ಗಂಟೆ ಹನ್ನೊಂದೂವರೆ. ಎರಡನೆಯ ರಿಂಗಿಗೇ ಎತ್ತಿಕೊಂಡಳು.

"ಇನೆಸ್, ಚೂ ವಾಂಗ್ ಪಿಸ್ತೂಲು ನನ್ನ ಕೈಯಲ್ಲಿದೆ. ಅವನನ್ನ ಬಿಡ್ಬೇಕು ನೀವು."

ನಾನು ಖುಷಿಯ ಮಾತು ಬರುತ್ತದೆಂದು ಕಾಯುತ್ತಿದ್ದೆ.

"ಟಟಲ್ ಅಂಗಡೀಲಿ ಸಿಕ್ತಾ?" ಎಂದಳು.

"ಹೌದು."

"ಅಲ್ಲೇ ಸಿಗುತ್ತೆ ಅಂತ ಅವನೂ ಹೇಳ್ದ. ಈಗ ತಾನೆ ತಪ್ಪೊಪ್ಪಿಕೊಂಡು ಸಹಿ ಮಾಡಿದ, ಇಪ್ಪತ್ತು ನಿಮಿಷ ಆಯ್ತು. ವಕೀಲರು ಬೇಡ ಬೇಡ ಅಂದ್ರೂ ಕೇಳ್ಲಿಲ್ಲ." ಅವಳು ಕಾಗದ ತಿರುಗಿಸಿದ ಸದ್ದು ಕೇಳಿಸಿತು. "ತನ್ನ ಪಿಸ್ತೂಲಿಂದ ಕೊಂದಿಲ್ವಂತೆ. ಮುದುಕನ ಮೇಜಿನ ಕೆಳಗೆ ಕಾಫಿ ಡಬ್ಬೀಲಿ ಒಂದು ಹಾಳಾದ ಫ್ರೇಮ್ ಇತ್ತು, ಅದನ್ನ ಎತ್ಕೊಂಡು ಹೋಗಿ ಜೋಡಿಸ್ದೆ ಅಂತಾನೆ. ಆರ್ಲಿನ್, ಯಾವ ಡಬ್ಬಿ ಅದು?"

ಅವಳು ಹೇಳಿದ್ದನ್ನು ಹಾಗೆಯೇ ಕೋಣೆಗೆ ಕೇಳುವಂತೆ ಹೇಳಿದೆ. ವೆಂಡೆಲ್ ಸ್ಟೂಲನ್ನು ಕೈಯಲ್ಲಿ ತಡಕಿ ಕೂತರು. "ಅವನಿಗೆ ಹೇಗೆ ಗೊತ್ತಾಯ್ತು?" ಎಂದರು. "ಅವನಿಗೆ ಯಾರು ಹೇಳಿದ್ರು?"

ಮರ್ಲಾ ಬಾಗಿಲಲ್ಲೇ ಇದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮತ್ತೆ ಬಿಚ್ಚಿದಳು. ಅವಳ ಮುಖದಲ್ಲಿ ಆಶ್ಚರ್ಯ ಇರಲಿಲ್ಲ, ಕಣ್ಣಲ್ಲಿ ನೀರಿತ್ತು.

"ಆ ಫ್ರೇಮ್ ನೋಡಿ ಅವನಿಗೆ ಹೇಳಿದ್ದು ನಾನೇ ಅಪ್ಪ. ಪೊಲೀಸರ ಹತ್ರ ಡಬ್ಬಿ ವಿಷಯ ಎತ್ಬೇಡ ಅಂದಿದ್ದೆ ಅವನಿಗೆ," ಎಂದಳು.